ಕೆಂಪು ಚೀಟಿಯ ಕೆಳಗೆ ಇನ್ನೊಂದು ಚೀಟಿ

ಪ್ರಶ್ನೆ: ಮೇಡಂ, ವರ್ಷದ ಕೊನೆಯ ರಜೆಯಲ್ಲಿ ನಮ್ಮ ಕೈ ಹಿಡಿತ ತಪ್ಪಿತು. ಪ್ರಯಾಣ, ಉಡುಗೊರೆ, ಮನೆಗೆ ಬಂದವರ ಉಪಚಾರ ಎಲ್ಲವೂ ಕ್ರೆಡಿಟ್ ಕಾರ್ಡಿನ ಮೇಲೆಯೇ ನಡೆಯಿತು. ಈಗ ಬಿಲ್ ಬಂದಿದೆ. ಒಂದೇ ಸಲಕ್ಕೆ ಕಟ್ಟುವಷ್ಟು ಹಣ ಕೈಯಲ್ಲಿಲ್ಲ. ಇದೇ ಹೊತ್ತಿಗೆ ಎಲ್ಲಿ ನೋಡಿದರೂ ಅರ್ಧ ಬೆಲೆಯ ಮಾರಾಟ. ಮಕ್ಕಳಿಬ್ಬರಿಗೆ ಮುಂದಿನ ಚಳಿಗಾಲದ ಕೋಟು, ಒಂದಷ್ಟು ಹಾಸುಹೊದಿಕೆ, ಸದ್ದು ಮಾಡುತ್ತಿರುವ ವಾಷಿಂಗ್ ಮೆಷಿನ್ ಬದಲಿಗೆ ಹೊಸದು, ಇಷ್ಟನ್ನು ಈಗಲೇ ಕೊಂಡರೆ ಉಳಿತಾಯ ಎಂಬುದು ನನ್ನ ಪತಿಯ ವಾದ. ಮೂರು ತಿಂಗಳು ಅಂಗಡಿಯ ಕಡೆ ತಲೆಯನ್ನೂ ಹಾಕಬಾರದು ಎಂಬುದು ನನ್ನದು. ಉಡುಗೊರೆಯಾಗಿ ಬಂದ ಮೂರು ಗಿಫ್ಟ್ ಕಾರ್ಡ್‌ಗಳೂ ಇವೆ. ನಮ್ಮಿಬ್ಬರಲ್ಲಿ ಯಾರದು ಸರಿ?

ಉತ್ತರ: ಇಬ್ಬರದ್ದೂ ಅರ್ಧರ್ಧ ಸರಿ ಎಂದು ಹೇಳಿ ನಾನು ನುಣುಚಿಕೊಳ್ಳಬಹುದು. ಆದರೆ ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಕ್ಕಳ ಕೋಟು, ಹಾಸುಹೊದಿಕೆ, ವಾಷಿಂಗ್ ಮೆಷಿನ್ ಈ ಮೂರೂ ಒಂದೇ ವಾಕ್ಯದಲ್ಲಿ ಬಂದಿವೆ. ಇವುಗಳ ನಡುವೆ ನಂಟಾದರೂ ಏನು? ಒಂದು ಮುಂದಿನ ವರ್ಷಕ್ಕೆ ಬೇಕಾದದ್ದು, ಇನ್ನೊಂದು ಬೇಕೋ ಬೇಡವೋ ಗೊತ್ತಿಲ್ಲದ್ದು, ಮತ್ತೊಂದು ನಾಳೆಯೇ ಬೇಕಾಗಬಹುದಾದದ್ದು. ಇವನ್ನು ಒಂದೇ ಗಂಟಿಗೆ ಕಟ್ಟಿದ್ದು ಅಂಗಡಿಯ ಕ್ಯಾಲೆಂಡರ್. ನಿಮ್ಮ ಮನೆಗೂ ಒಂದು ಕ್ಯಾಲೆಂಡರ್ ಇದೆ. ಗಂಡ ಹೆಂಡತಿಯ ಜಗಳ ನಡೆದಿರುವುದು ಅದನ್ನು ತೆಗೆದು ನೋಡದೆ.

ಕೋಟಿನ ವಿಷಯಕ್ಕೆ ಬರುವ ಮೊದಲು ಬಿಲ್. ಅದು ಬಗೆಹರಿಯದೆ ಉಳಿದದ್ದೆಲ್ಲ ಬರಿಯ ಹರಟೆ.

ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ: ಪೂರ್ತಿ ಬಾಕಿ ಮತ್ತು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಆ ಎರಡನೆಯದು ನೋಡಲು ಬಹಳ ಸಾಧು. ಬಾಕಿ 1,000 ಎಂದು ಇಟ್ಟುಕೊಳ್ಳಿ, ಯಾವ ದೇಶದ ಹಣವಾದರೂ ಲೆಕ್ಕ ಒಂದೇ. ಬಡ್ಡಿ ತಿಂಗಳಿಗೆ ಶೇ 3, ಕನಿಷ್ಠ ಮೊತ್ತ ಬಡ್ಡಿ ಸೇರಿದ ಬಾಕಿಯ ಶೇ 5 ಎಂದುಕೊಳ್ಳೋಣ. ನಿಮ್ಮ ಕಾರ್ಡಿನ ದರ ಬೇರೆ ಇರಬಹುದು, ಬಿಲ್ಲಿನ ಸಣ್ಣ ಅಕ್ಷರಗಳಲ್ಲಿ ಹುಡುಕಿ ನೋಡಿ. ಹೊಸದೇನನ್ನೂ ಕೊಳ್ಳದೆ, ಒಂದು ತಿಂಗಳೂ ತಪ್ಪಿಸದೆ, ಬರಿಯ ಕನಿಷ್ಠ ಮೊತ್ತವನ್ನು ಕಟ್ಟುತ್ತಾ ಹೋದರೆ 32 ತಿಂಗಳ ನಂತರ ನೀವು ಸುಮಾರು 1,200 ಕಟ್ಟಿರುತ್ತೀರಿ. ಬಾಕಿ ಎಷ್ಟು ಉಳಿದಿರುತ್ತದೆ ಗೊತ್ತೇ? ಸುಮಾರು 500. ಸಾಲಕ್ಕಿಂತ ಹೆಚ್ಚು ಕಟ್ಟಿಯೂ ಅರ್ಧ ಸಾಲ ತಲೆಯ ಮೇಲೆಯೇ ಇರುತ್ತದೆ.

ಹೀಗಾಗುವುದು ಏಕೆಂದರೆ ಬಾಕಿ ಕರಗಿದಂತೆ ಕನಿಷ್ಠ ಮೊತ್ತವೂ ಕರಗುತ್ತದೆ. ನಿಮ್ಮ ಪಾವತಿ ತಿಂಗಳು ತಿಂಗಳಿಗೂ ಸೋಮಾರಿಯಾಗುತ್ತದೆ. ಈ ಉದಾಹರಣೆಯಲ್ಲಿ ಮೊದಲ ತಿಂಗಳ ಕನಿಷ್ಠ ಮೊತ್ತ ಸುಮಾರು 52. ಮುಂದಿನ ತಿಂಗಳುಗಳಲ್ಲಿ ಬ್ಯಾಂಕ್ ಕಡಿಮೆ ಕೇಳಿದರೂ ನೀವು ಆ 52ನ್ನು ಇಳಿಸದೆ ಕಟ್ಟುತ್ತಲೇ ಹೋದರೆ 30 ತಿಂಗಳಲ್ಲಿ ಸಾಲ ಪೂರ್ತಿ ತೀರುತ್ತದೆ. ಮೊದಲ ಕಂತು ಅಷ್ಟೇ, ಬಡ್ಡಿಯ ದರವೂ ಅಷ್ಟೇ. ಒಂದು ದಾರಿಯಲ್ಲಿ ಅರ್ಧ ಸಾಲ ಉಳಿಯುತ್ತದೆ, ಇನ್ನೊಂದರಲ್ಲಿ ಏನೂ ಉಳಿಯುವುದಿಲ್ಲ. ಮೂವತ್ತು ತಿಂಗಳು ಕಾಯಿರಿ ಎನ್ನುತ್ತಿಲ್ಲ, ಇನ್ನೂ ಬೇಗ ತೀರಿಸಿದರೆ ಒಳ್ಳೆಯದೇ. ಆದರೆ ಈ ವಾರವೇ ಇಬ್ಬರೂ ಕುಳಿತು ಒಂದು ಮೊತ್ತವನ್ನು ನಿಗದಿ ಮಾಡಿ, ಸಂಬಳದ ದಿನವೇ ಅದು ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ.

ನಿಮ್ಮ ಪತಿಗೆ ಓದಿ ಹೇಳಬೇಕಾದ ಭಾಗ ಇದು. ಹಿಂದಿನ ಬಾಕಿಯನ್ನು ಪೂರ್ತಿ ಕಟ್ಟದೆ ಉಳಿಸಿಕೊಂಡಾಗ ಬಹುತೇಕ ಕಾರ್ಡ್‌ಗಳಲ್ಲಿ ಹೊಸ ಖರೀದಿಗೆ ಇರುವ ಬಡ್ಡಿರಹಿತ ಅವಧಿಯೂ ಹೊರಟುಹೋಗುತ್ತದೆ. ಅಂದರೆ ಈಗ ಕೊಂಡ ಕೋಟಿಗೆ ಕೊಂಡ ದಿನದಿಂದಲೇ ಬಡ್ಡಿ ಓಡಲು ಶುರುವಾಗುತ್ತದೆ. ಶೇ 20ರ ರಿಯಾಯಿತಿಯಲ್ಲಿ ತಂದ ವಸ್ತುವಿನ ಹಣವನ್ನು ತಿಂಗಳಿಗೆ ಶೇ 3ರ ಬಡ್ಡಿಯಲ್ಲಿ ಹಾಗೆಯೇ ಬಿಟ್ಟರೆ ಎಂಟು ತಿಂಗಳೊಳಗೆ ರಿಯಾಯಿತಿ ಪೂರ್ತಿ ತೊಳೆದುಹೋಗುತ್ತದೆ. ಆಗ ಬಹುಶಃ ಆ ಕೋಟನ್ನು ಒಮ್ಮೆಯೂ ಹಾಕಿಕೊಂಡಿರುವುದಿಲ್ಲ. ಚಳಿಗಾಲವೇ ಇನ್ನೂ ಬಂದಿರುವುದಿಲ್ಲ!

ಆದ್ದರಿಂದ ನನ್ನ ಮೊದಲ ಮಾತು: ಈ ಬಿಲ್ ತೀರುವವರೆಗೆ ಏನನ್ನೇ ಕೊಂಡರೂ ಆ ಕಾರ್ಡಿನಲ್ಲಿ ಕೊಳ್ಳಬೇಡಿ. ನಗದು ಕೊಡಿ, ಇಲ್ಲವೇ ಖಾತೆಯಿಂದ ನೇರವಾಗಿ ಹೋಗಲಿ. ಇದರ ಹಿಂದೆ ಬಡ್ಡಿಯ ಲೆಕ್ಕದ ಜೊತೆಗೆ ಮನಸ್ಸಿನ ಲೆಕ್ಕವೂ ಇದೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಇಬ್ಬರು ಸಂಶೋಧಕರು 2001ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳ ನಡುವೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳನ್ನು ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕೆಂದೂ ಕೆಲವರಿಗೆ ಕಾರ್ಡಿನಲ್ಲಿ ಕೊಡಬಹುದೆಂದೂ ಹೇಳಿದ್ದರು. ಕಾರ್ಡಿನವರು ಕೂಗಿದ ಬೆಲೆ ಸರಾಸರಿಯಲ್ಲಿ ನಗದಿನವರದ್ದಕ್ಕಿಂತ ಎರಡು ಪಟ್ಟಿನಷ್ಟಿತ್ತು. ಅದೇ ಪಂದ್ಯ, ಅಂಥದ್ದೇ ಹುಡುಗರು. ನೋಟು ಎಣಿಸಿ ಕೊಡುವಾಗ ಬೆರಳಿಗೆ ತಾಗುವ ಒಂದು ಚುರುಕು ಕಾರ್ಡಿನಲ್ಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಕಾರ್ಡಿನ ತೊಂದರೆ ಎಂದರೆ, ಕತ್ತಲೆಯಲ್ಲಿ ಮಲಗಿದವನಿಗೆ ಹಾಸಿಗೆಯ ಅಂಚು ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಇನ್ನು ಮಾರಾಟದ ವಿಷಯ. ಇಲ್ಲಿ ನಾನು ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಸಾಲದ ಸಲಹೆಗೆ ಕೂರುವ ಮೊದಲು ನಾನು ಒಂದು ದೊಡ್ಡ ಬಟ್ಟೆ ಮತ್ತು ಗೃಹೋಪಯೋಗಿ ಮಳಿಗೆಯ ದಾಸ್ತಾನು ವಿಭಾಗದಲ್ಲಿ ಲೆಕ್ಕ ಬರೆಯುತ್ತಿದ್ದೆ. ಜನವರಿಯ ರಾತ್ರಿಗಳಲ್ಲಿ ಗಿರಾಕಿಗಳೆಲ್ಲ ಹೋದ ಮೇಲೆ ನಾವು ನಾಲ್ಕೈದು ಮಂದಿ ಬೆಲೆಯ ಚೀಟಿ ಅಂಟಿಸಲು ಕೂರುತ್ತಿದ್ದೆವು. ಬಿಳಿ ಚೀಟಿಯ ಮೇಲೆ ಹಳದಿ, ಹಳದಿಯ ಮೇಲೆ ಕೆಂಪು. ಹಳೆಯದನ್ನು ಪೂರ್ತಿ ಕೀಳಬಾರದು, ಅದರ ಅಂಚು ಕಾಣುವಂತೆಯೇ ಹೊಸದನ್ನು ಅಂಟಿಸಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ಗಿರಾಕಿ ಉಗುರಿನಿಂದ ಮೆಲ್ಲನೆ ಎಬ್ಬಿಸಿ ಕೆಳಗಿನ ಅಂಕಿಯನ್ನು ನೋಡಬೇಕು; ತಾನು ಕದ್ದು ನೋಡಿದೆ ಎಂದು ಖುಷಿಪಡಬೇಕು. ಮರುದಿನ ಬೆಳಿಗ್ಗೆ ಆ ಖುಷಿಯನ್ನು ಎಷ್ಟೋ ಮುಖಗಳಲ್ಲಿ ನೋಡಿದ್ದೇನೆ. ಕೈಗೆ ಹತ್ತಿದ ಗೋಂದಿನ ವಾಸನೆ ಮಾತ್ರ ಸೋಪು ಹಾಕಿ ತಿಕ್ಕಿದರೂ ಎರಡು ದಿನ ಹೋಗುತ್ತಿರಲಿಲ್ಲ.

ಕೆಳಗಿನ ಆ ಅಂಕಿಯೇ ಇಡೀ ಆಟದ ಕೀಲಿ. ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ವರದಿ ಮಾಡಿದ ಪ್ರಯೋಗ ಒಂದಿದೆ. ಜನರ ಎದುರು ಅಂಕಿಗಳಿದ್ದ ಚಕ್ರವೊಂದನ್ನು ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪ್ರಮಾಣ ಶೇಕಡ ಎಷ್ಟು ಎಂದು ಕೇಳಿದರು. ಚಕ್ರ 10ರಲ್ಲಿ ನಿಂತಾಗ ಬಂದ ಉತ್ತರಗಳ ನಡುಮಟ್ಟ 25. 65ರಲ್ಲಿ ನಿಂತಾಗ 45. ಚಕ್ರಕ್ಕೂ ಆಫ್ರಿಕಕ್ಕೂ ಏನೂ ಸಂಬಂಧವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಕಣ್ಣಿಗೆ ಬಿದ್ದ ಅಂಕಿ ಮನಸ್ಸನ್ನು ತನ್ನ ಕಡೆಗೆ ಎಳೆದುಕೊಂಡಿತು. ಸಂಬಂಧವೇ ಇಲ್ಲದ ಅಂಕಿಗೆ ಇಷ್ಟು ಬಲವಿದ್ದರೆ, ಅದೇ ವಸ್ತುವಿನ ಚೀಟಿಯ ಮೇಲೆ ಗೀಟು ಹಾಕಿಸಿಕೊಂಡು ಕುಳಿತ ಅಂಕಿಗೆ ಎಷ್ಟಿರಬೇಡ!

ಇದಕ್ಕೆ ನನ್ನ ಉಪಾಯ ಬಹಳ ಒರಟು. ಹೆಬ್ಬೆರಳಿನಿಂದ ಹಳೆಯ ಬೆಲೆಯನ್ನು ಮುಚ್ಚಿ ಹಿಡಿಯುತ್ತೇನೆ. ಉಳಿದಿರುವ ಅಂಕಿಯೊಂದನ್ನೇ ನೋಡಿ, ಇದು ಇಷ್ಟೇ ಬೆಲೆಗೆ ಮಾಮೂಲಿ ದಿನದಲ್ಲಿ ಸಿಗುತ್ತಿದ್ದರೆ ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳುತ್ತೇನೆ. ಹತ್ತರಲ್ಲಿ ಏಳು ಸಲ ವಸ್ತುವನ್ನು ಇದ್ದಲ್ಲಿಯೇ ಇಟ್ಟು ಬಂದಿದ್ದೇನೆ.

ಗೀಟು ಹಾಕಿದ ಬೆಲೆ ನಿಜವೇ ಎಂಬುದು ಬೇರೆಯೇ ಪ್ರಶ್ನೆ. ಮಾರಾಟಕ್ಕೆ ಮುನ್ನ ಬೆಲೆಯನ್ನು ಏರಿಸಿ ಆಮೇಲೆ ಇಳಿಸುವ ಚಾಳಿ ಎಷ್ಟು ಹಳೆಯದೆಂದರೆ ಅದಕ್ಕಾಗಿ ಕಾನೂನನ್ನೇ ತರಬೇಕಾಯಿತು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ನಿಯಮದಂತೆ, ರಿಯಾಯಿತಿ ಎಂದು ಘೋಷಿಸುವ ಅಂಗಡಿ ಅದಕ್ಕೂ ಮುಂಚಿನ ಕನಿಷ್ಠ 30 ದಿನಗಳಲ್ಲಿ ಆ ವಸ್ತುವಿಗೆ ಇದ್ದ ಅತಿ ಕಡಿಮೆ ಬೆಲೆಯನ್ನೇ ಹಿಂದಿನ ಬೆಲೆಯೆಂದು ತೋರಿಸಬೇಕು. ಅಂಥ ನಿಯಮ ಇಲ್ಲದ ಕಡೆ ನೀವೇ ಆ ನಿಯಮವಾಗಬೇಕಾಗುತ್ತದೆ: ಬೇಕಾದ ವಸ್ತುವಿನ ಬೆಲೆಯನ್ನು ಮಾರಾಟವಿಲ್ಲದ ದಿನ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಂದ ಹಾಗೆ, ಶೇ 50ರ ಮೇಲೆ ಇನ್ನೂ ಶೇ 20 ಎಂಬ ಫಲಕ ಕಂಡರೆ ಅದು ಶೇ 70 ಆಗುವುದಿಲ್ಲ. ಅರ್ಧವಾದ ಬೆಲೆಯ ಮೇಲೆ 20, ಅಂದರೆ ಒಟ್ಟು 60. ಎರಡು ಕೊಂಡರೆ ಒಂದು ಉಚಿತ ಎಂಬುದು ಮೂರೂ ಬೇಕಾದವರಿಗೆ ಮಾತ್ರ ಶೇ 33ರ ರಿಯಾಯಿತಿ. ಒಂದೇ ಸಾಕಾಗಿದ್ದವರಿಗೆ ಅದು ದುಪ್ಪಟ್ಟು ಖರ್ಚು.

ಜನವರಿಯಲ್ಲೇ ಈ ಮಾರಾಟ ಏಕೆ ಎಂಬುದನ್ನು ತಿಳಿದರೆ ಯಾವುದು ನಿಜವಾಗಿ ಅಗ್ಗ ಎಂಬುದೂ ತಿಳಿಯುತ್ತದೆ. ರಜೆಯ ಗದ್ದಲ ಮುಗಿದ ಮೇಲೆ ಅಂಗಡಿಗಳು ಬಿಕೋ ಎನ್ನುತ್ತವೆ. ಫಿಲಡೆಲ್ಫಿಯದ ವ್ಯಾಪಾರಿ ಜಾನ್ ವಾನಮೇಕರ್ 1878ರ ಜನವರಿಯಲ್ಲಿ ಹಾಸಿಗೆಯ ಬಟ್ಟೆಗಳ ವಿಶೇಷ ಮಾರಾಟ ನಡೆಸಿದ್ದು ಈ ಬಣಗುಟ್ಟುವ ತಿಂಗಳನ್ನು ತುಂಬಲು. ಆಗ ಹಾಸುಹೊದಿಕೆಗಳೆಲ್ಲ ಬಿಳಿಯವೇ ಆದ್ದರಿಂದ ಅದಕ್ಕೆ ಬಿಳಿ ಮಾರಾಟ ಎಂದೇ ಹೆಸರು ಬಿತ್ತು. ಸುಮಾರು ಒಂದೂವರೆ ಶತಮಾನ ಕಳೆದರೂ ಜನವರಿ ಬಂದರೆ ಹಾಸುಹೊದಿಕೆ ನಿಮ್ಮ ಪತಿಗೆ ನೆನಪಾಗುವುದರಲ್ಲಿ ಆ ಪುಣ್ಯಾತ್ಮನ ಕೈವಾಡವಿದೆ ಎಂದರೆ ತಪ್ಪಾಗಲಾರದು. ಎರಡನೆಯ ಕಾರಣ ಜಾಗ. ವಸಂತದ ಮಾಲು ಬರುವ ಮೊದಲು ಚಳಿಗಾಲದ ಮಾಲು ಕಪಾಟು ಬಿಟ್ಟು ಇಳಿಯಬೇಕು. ದಪ್ಪನೆಯ ಕೋಟು ತೆಳ್ಳನೆಯ ಅಂಗಿಗಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ. ಗೋದಾಮಿನಲ್ಲಿ ವರ್ಷವಿಡೀ ಇಟ್ಟರೆ ಬಾಡಿಗೆಯೂ ಖರ್ಚು, ಮುಂದಿನ ವರ್ಷಕ್ಕೆ ಅದರ ಚಂದವೂ ಹಳತು. ಮೂರನೆಯದು ಲೆಕ್ಕದ ಪುಸ್ತಕ: ಅಮೆರಿಕದ ಹಲವು ದೊಡ್ಡ ಮಳಿಗೆಗಳ ಹಣಕಾಸು ವರ್ಷ ಮುಗಿಯುವುದೇ ಜನವರಿಯ ಕೊನೆಗೆ. ಉಳಿದ ಮಾಲನ್ನು ಎಣಿಸುವುದಕ್ಕಿಂತ ಮಾರಿ ಕೈತೊಳೆದುಕೊಳ್ಳುವುದು ಮೇಲು.

ಹೀಗಾಗಿ ಋತುವಿಗೆ ಕಟ್ಟುಬಿದ್ದ ವಸ್ತುಗಳು ಈಗ ನಿಜವಾಗಿಯೂ ಅಗ್ಗ. ಉಣ್ಣೆಯ ಬಟ್ಟೆ, ಕೋಟು, ಕೈಗವಸು, ರಜೆಯ ಅಲಂಕಾರದ ಸಾಮಾನು, ಉಡುಗೊರೆ ಸುತ್ತುವ ಕಾಗದ. ಈ ಕೊನೆಯದು ಕೆಡುವುದಿಲ್ಲ, ಹಳತಾಗುವುದಿಲ್ಲ, ಅಳತೆಯ ಗೊಡವೆಯಿಲ್ಲ. ಜನವರಿಯಲ್ಲಿ ಕಣ್ಣು ಮುಚ್ಚಿ ಕೊಳ್ಳಬಹುದಾದದ್ದು ಏನಾದರೂ ಇದ್ದರೆ ಅದೊಂದೇ. ಆದರೆ ಕಪಾಟಿನಲ್ಲಿ ಉಳಿದ ಪ್ರತಿ ವಸ್ತುವಿಗೂ ಒಂದು ಪ್ರಶ್ನೆ ಕೇಳಿ: ಪೂರ್ತಿ ಬೆಲೆಗೆ ಕೊಂಡವರೆಲ್ಲ ಇದನ್ನು ಏಕೆ ಬಿಟ್ಟುಹೋದರು? ಎಲ್ಲರಿಗೂ ಆಗುವ ಅಳತೆಗಳು, ಎಲ್ಲರೂ ಮೆಚ್ಚುವ ಬಣ್ಣಗಳು ಡಿಸೆಂಬರಿನಲ್ಲೇ ಖಾಲಿಯಾಗಿರುತ್ತವೆ. ಉಳಿದಿರುವುದು ತೀರ ಚಿಕ್ಕದು, ತೀರ ದೊಡ್ಡದು, ಮತ್ತು ಯಾರೋ ಒಬ್ಬ ಖರೀದಿ ಅಧಿಕಾರಿ ಭಾರಿ ಭರವಸೆಯಿಂದ ತರಿಸಿದ ಸಾಸಿವೆ ಹಳದಿ.

ಇದನ್ನೆಲ್ಲ ಬಲ್ಲ ನಾನೇ ಮೋಸ ಹೋಗಿದ್ದೇನೆ. ನಮ್ಮ ಮಳಿಗೆಯಲ್ಲೇ, ನಾನೇ ಅಂಟಿಸಿದ ಕೆಂಪು ಚೀಟಿಯ ಒಂದು ನೀಲಿ ಕೋಟು. ಭುಜದ ಹತ್ತಿರ ಒಂದು ಬೆರಳಿನಷ್ಟು ಬಿಗಿ. ಸ್ವಲ್ಪ ತೆಳ್ಳಗಾದರೆ ಸರಿಹೋಗುತ್ತದೆ ಎಂದುಕೊಂಡು ತಂದೆ. ನಾಲ್ಕು ಚಳಿಗಾಲ ಅದು ಚೀಟಿಯ ಸಮೇತ ಬೀರುವಿನಲ್ಲಿ ತೂಗಿತು. ನಾನು ತೆಳ್ಳಗಾಗಲಿಲ್ಲ. ಕೊನೆಗೆ ತಂಗಿಯ ಮಗಳಿಗೆ ಕೊಟ್ಟೆ; ಅವಳು ಅದನ್ನು ಹಾಕಿಕೊಂಡು ಬಂದಾಗಲೆಲ್ಲ ನನಗೆ ಶೇ 60ರ ರಿಯಾಯಿತಿ ಕಣ್ಣ ಮುಂದೆ ನಡೆದಾಡಿದಂತೆ ಆಗುತ್ತದೆ.

ಈಗ ನಿಮ್ಮ ಮೂರು ವಸ್ತುಗಳು.

ಮಕ್ಕಳ ಕೋಟು. ನೀವು ಕೊಳ್ಳುತ್ತಿರುವುದು ಹನ್ನೊಂದು ತಿಂಗಳ ನಂತರದ ಮಗುವಿಗೆ. ಆ ಮಗುವಿನ ಅಳತೆ ಇವತ್ತು ಯಾರಿಗೂ ಗೊತ್ತಿಲ್ಲ. ಚಿಕ್ಕ ಮಕ್ಕಳಿಗೆ ಒಂದು ಅಳತೆ ದೊಡ್ಡದನ್ನು ತಂದಿಡುವುದು ಬಹುತೇಕ ಸಂದರ್ಭಗಳಲ್ಲಿ ನಡೆಯುತ್ತದೆ, ತೋಳನ್ನು ಮಡಿಸಿದರಾಯಿತು. ಹನ್ನೆರಡು ಹದಿಮೂರು ದಾಟಿದ್ದರೆ ಬೇಡ. ಆ ವಯಸ್ಸಿನಲ್ಲಿ ದೇಹವೂ ರುಚಿಯೂ ಒಂದೇ ವರ್ಷದಲ್ಲಿ ಗುರುತು ಸಿಗದಂತೆ ಬದಲಾಗುತ್ತವೆ, ನೀವು ಮೆಚ್ಚಿ ತಂದದ್ದನ್ನು ಮಗ ತಿರುಗಿಯೂ ನೋಡದಿರಬಹುದು. ಮೊದಲು ಒಂದು ಕೆಲಸ ಮಾಡಿ. ಈಗಿನ ಕೋಟನ್ನು ಹಾಕಿಸಿ ಕೈಗಳನ್ನು ಮುಂದಕ್ಕೆ ಚಾಚಿಸಿ. ಮಣಿಕಟ್ಟು ಮುಚ್ಚಿಯೇ ಇದ್ದರೆ, ಗುಂಡಿ ಹಾಕಿದಾಗ ಎದೆಯ ಹತ್ತಿರ ಎಳೆಯದಿದ್ದರೆ ಮುಂದಿನ ವರ್ಷಕ್ಕೂ ಅದೇ ನಡೆಯುವ ಸಾಧ್ಯತೆಯಿದೆ. ದೊಡ್ಡವನದು ಚಿಕ್ಕವನಿಗೆ ಬರುತ್ತದೆಯೇ ಎಂಬುದನ್ನೂ ನೋಡಿ. ಹಾಗೆ ಬಂದರೆ ಕೊಳ್ಳಬೇಕಾದದ್ದು ಒಂದೇ ಕೋಟು.

ಹಾಸುಹೊದಿಕೆ. ಬೀರುವನ್ನು ತೆರೆದು ಎಣಿಸಿ. ಹಾಸಿಗೆಯೊಂದಕ್ಕೆ ಮೂರು ಜೊತೆ, ಅಂದರೆ ಒಂದು ಹಾಸಿದ್ದು, ಒಂದು ಒಗೆತದಲ್ಲಿ, ಒಂದು ಮಡಿಸಿಟ್ಟದ್ದು ಇದ್ದರೆ ವಿಷಯ ಅಲ್ಲಿಗೆ ಮುಗಿಯಿತು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಹೊಸ ಹಾಸು ಒಂಟಿಯಾಗಿ ಬರುವುದಿಲ್ಲ. ಫ್ರಾನ್ಸಿನ ಚಿಂತಕ ದೆನಿ ದಿದೆರೊ ಹದಿನೆಂಟನೆಯ ಶತಮಾನದಲ್ಲೇ ಇದರ ಬಗ್ಗೆ ಗೋಳಾಡಿಕೊಂಡಿದ್ದಾನೆ. ಅವನಿಗೊಂದು ಸೊಗಸಾದ ಹೊಸ ನಿಲುವಂಗಿ ಸಿಕ್ಕಿತು. ಅದರ ಎದುರು ಕುರ್ಚಿ ಕಳೆಗುಂದಿತು, ಮೇಜು ಹಳತೆನಿಸಿತು, ಒಂದೊಂದಾಗಿ ಎಲ್ಲವೂ ಬದಲಾದವು. ಹಳೆಯ ನಿಲುವಂಗಿಗೆ ನಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾದೆ ಎಂಬರ್ಥದಲ್ಲಿ ಅವನು ಬರೆದುಕೊಂಡ. ನಿಮ್ಮ ಮನೆಯಲ್ಲಿ ಹಾಸಿನ ನಂತರದ ಸರದಿ ಪರದೆಗಳದ್ದು.

ವಾಷಿಂಗ್ ಮೆಷಿನ್. ಸದ್ದು ಮಾಡುತ್ತಿದೆ ಎಂದಿದ್ದೀರಿ, ಕೆಟ್ಟಿದೆ ಎಂದಿಲ್ಲ. ಎಂಥ ಸದ್ದು? ನೀರು ಹಿಂಡುವಾಗ ಇಡೀ ಯಂತ್ರ ಕುಣಿದು ಗಡಗಡ ಎನ್ನುತ್ತಿದ್ದರೆ ಕಾಲುಗಳು ಸಮಮಟ್ಟದಲ್ಲಿಲ್ಲದಿರಬಹುದು, ಬಟ್ಟೆ ಒಂದೇ ಕಡೆ ಸೇರಿರಬಹುದು. ಟಣಟಣ ಎಂದು ಲೋಹದ ಸದ್ದಾದರೆ ಜೇಬಿನಿಂದ ಬಿದ್ದ ನಾಣ್ಯವೋ ಒಳ ಉಡುಪಿನ ತಂತಿಯೋ ಡ್ರಮ್ಮಿನ ಸಂದಿಯಲ್ಲಿ ಸಿಕ್ಕಿರಬಹುದು. ವಿಮಾನ ಏರುವಂತೆ ದಿನೇ ದಿನೇ ಏರುವ ಮೊರೆತವಾದರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು, ಅದು ದುಬಾರಿ ರಿಪೇರಿ. ಮೆಕ್ಯಾನಿಕ್‌ನನ್ನು ಕರೆಸಿ ನೋಡಿಸುವುದಕ್ಕೆ ಮುನ್ನ ಹೊಸದರ ಜಾಹೀರಾತನ್ನೇ ತೆರೆಯಬೇಡಿ. ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧವನ್ನು ದಾಟಿ, ಯಂತ್ರಕ್ಕೂ ವಯಸ್ಸಾಗಿದ್ದರೆ ಹೊಸದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆಗ ನಿಮ್ಮ ಮೂರು ತಿಂಗಳ ಉಪವಾಸದ ವ್ರತವನ್ನು ಬದಿಗಿಡಿ. ಕೆಟ್ಟುನಿಂತ ಯಂತ್ರದ ಮುಂದೆ ವ್ರತ ಹಿಡಿದು, ಹೊರಗೆ ಒಗೆಸಿದ ಖರ್ಚು ಸೇರಿಸಿಕೊಂಡು, ಕೊನೆಗೆ ಅವಸರದಲ್ಲಿ ಸಿಕ್ಕಿದ್ದನ್ನು ಕೊಂಡವರನ್ನು ನಾನು ಕಂಡಿದ್ದೇನೆ.

ನಿಮ್ಮ ವಾದದಲ್ಲಿ ನನಗೆ ಹಿಡಿಸದಿರುವುದೂ ಇದೇ. ಏನನ್ನೂ ಕೊಳ್ಳುವುದಿಲ್ಲ ಎಂಬ ಶಪಥ ಕೇಳಲು ಗಟ್ಟಿ, ಬಾಳಿಕೆಯಲ್ಲಿ ಮೂರು ವಾರ. ಮುರಿದ ದಿನ, ಹೇಗೂ ಮುರಿದಾಯಿತಲ್ಲ ಎಂದು ಇನ್ನಷ್ಟು ಖರ್ಚಾಗುತ್ತದೆ. ಅದರ ಬದಲು ಇಬ್ಬರಿಗೂ ತಿಂಗಳಿಗೆ ಒಂದು ಸಣ್ಣ ಮೊತ್ತವನ್ನು ಬಿಡಿ. ಅದನ್ನು ಯಾವುದಕ್ಕೆ ಖರ್ಚು ಮಾಡಿದೆ ಎಂದು ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಅದನ್ನು ಮೀರಿದ್ದಕ್ಕೆ ಮಾತ್ರ ಇಬ್ಬರ ಒಪ್ಪಿಗೆ ಬೇಕು. ನನ್ನ ಬಳಿ ಬರುವ ದಂಪತಿಗಳಲ್ಲಿ ಜಗಳ ಹುಟ್ಟುವುದು ಮೊತ್ತಕ್ಕಿಂತ ಹೆಚ್ಚಾಗಿ ಆ ಕೇಳುವಿಕೆಯಿಂದ.

ಗಿಫ್ಟ್ ಕಾರ್ಡ್‌ಗಳನ್ನು ನೀವು ಪತ್ರದ ಕೊನೆಗೆ ಸೇರಿಸಿದ್ದೀರಿ. ನಾನಾಗಿದ್ದರೆ ಮೊದಲಿಗೇ ಬರೆಯುತ್ತಿದ್ದೆ. ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞ 1993ರಲ್ಲಿ ರಜೆಯ ಉಡುಗೊರೆಗಳ ಬಗ್ಗೆ ಒಂದು ತುಂಟ ಲೆಕ್ಕ ಹಾಕಿದ. ವಿದ್ಯಾರ್ಥಿಗಳಿಗೆ ಬಂದ ಉಡುಗೊರೆಗಳ ನಿಜ ಬೆಲೆಯನ್ನೂ, ಅವರ ಕಣ್ಣಿನಲ್ಲಿ ಅವು ಬಾಳುವ ಬೆಲೆಯನ್ನೂ ಹೋಲಿಸಿ ನೋಡಿದರೆ ಶೇ 10ರಿಂದ ಮೂರನೇ ಒಂದರಷ್ಟು ಮೌಲ್ಯ ನಡುವೆಯೇ ಸೋರಿಹೋಗಿತ್ತು. ಗಿಫ್ಟ್ ಕಾರ್ಡ್ ಈ ಸೋರಿಕೆಗೆ ಮದ್ದು ಎಂದು ಕಂಡರೂ ಅದಕ್ಕೆ ಅದರದೇ ರೋಗವಿದೆ. ರಿಚರ್ಡ್ ಥೇಲರ್, 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಬಹಳ ಹಿಂದೆಯೇ ತೋರಿಸಿಕೊಟ್ಟಂತೆ ನಾವು ಹಣಕ್ಕೆ ಮನಸ್ಸಿನಲ್ಲೇ ಬೇರೆ ಬೇರೆ ಡಬ್ಬಿಗಳನ್ನು ಮಾಡಿಕೊಂಡಿರುತ್ತೇವೆ. ಗಿಫ್ಟ್ ಕಾರ್ಡಿನ ಹಣ ಮೋಜಿನ ಡಬ್ಬಿಗೆ ಬೀಳುತ್ತದೆ. ಬಿಟ್ಟಿ ಹಣ ಎಂದು ಹೋಗಿ, ಅದರ ಮೇಲೆ ಕೈಯಿಂದ ಇನ್ನಷ್ಟು ಸೇರಿಸಿ ಬರುತ್ತೇವೆ. ಅಂಗಡಿಯವರಿಗೂ ಬೇಕಾದದ್ದು ಅದೇ. ಇಲ್ಲವೇ ಕಾರ್ಡನ್ನು ಮೇಜಿನ ಖಾನೆಯಲ್ಲಿ ಮರೆತು ಅವಧಿ ಮೀರಿಸುತ್ತೇವೆ. ಅದೂ ಅವರಿಗೆ ಬೇಸರದ ವಿಷಯವಲ್ಲ.

ಮೂರೂ ಕಾರ್ಡ್‌ಗಳನ್ನು ಇವತ್ತೇ ಮೇಜಿನ ಮೇಲೆ ಹರಡಿ, ಉಳಿದ ಮೊತ್ತವನ್ನೂ ಕೊನೆಯ ದಿನಾಂಕವನ್ನೂ ಅವುಗಳ ಮೇಲೆಯೇ ಶಾಯಿಯಲ್ಲಿ ಬರೆಯಿರಿ. ಆಮೇಲೆ ಹೇಗೂ ನಗದು ಕೊಟ್ಟು ತರಲೇಬೇಕಾದದ್ದಕ್ಕೆ ಬಳಸಿ: ದಿನಸಿ, ಸೋಪು, ಶಾಲೆಯ ಸಾಮಾನು, ಒಪ್ಪಿಗೆಯಾದರೆ ಆ ಒಂದು ಕೋಟು. ಉಳಿದ ನಗದು ಬಿಲ್ಲಿಗೆ. ಉಡುಗೊರೆಯಾಗಿ ಬಂದು ಬಳಕೆಗೆ ಬಾರದ ವಸ್ತುಗಳಿದ್ದರೆ ಮರಳಿಸುವ ಅವಧಿ ಮುಗಿಯುವುದರೊಳಗೆ ಹೋಗಿ, ಸಾಧ್ಯವಾದರೆ ರಸೀದಿಯ ಸಮೇತ. ರಸೀದಿ ಇಲ್ಲದಿದ್ದರೆ ಎಷ್ಟೋ ಅಂಗಡಿಗಳು ಅಂದಿನ ಇಳಿಸಿದ ಬೆಲೆಯನ್ನಷ್ಟೇ ಕೊಡುತ್ತವೆ. ಒಂದು ಕೆಂಪು ಚೀಟಿ ನಿಮ್ಮ ವಿರುದ್ಧವೂ ಕೆಲಸ ಮಾಡುತ್ತದೆ. ಕೊಟ್ಟವರಿಗೆ ಬೇಸರವಾದೀತು ಎಂಬ ಸಂಕೋಚ ಬೇಡ.

ಇನ್ನು ರಾತ್ರಿ ಮಲಗುವ ಮುನ್ನ ಮೊಬೈಲ್ ಹಿಡಿದಾಗ ಆಗುವ ಖರೀದಿ. ಇದನ್ನು ನೀವು ಬರೆದಿಲ್ಲ, ಆದರೆ ಹನ್ನೊಂದು ಗಂಟೆಯ ನಂತರ ಕೊಂಡದ್ದೆಲ್ಲ ನನ್ನ ಬಳಿ ಬರುವ ಬಿಲ್ಲುಗಳಲ್ಲಿ ಎದ್ದು ಕಾಣುತ್ತದೆ. ಒಂದೇ ಒತ್ತಿಗೆ ಖರೀದಿ ಮುಗಿಯುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. ಆಲೋಚಿಸಲು ಸಿಗುವ ಆ ಮೂರು ನಿಮಿಷಗಳನ್ನು ಕತ್ತರಿಸುವುದು ಅಷ್ಟು ಬೆಲೆಯುಳ್ಳ ಕೆಲಸ. ಹಾಗಾದರೆ ಆ ಮೂರು ನಿಮಿಷಗಳನ್ನು ಮರಳಿ ಪಡೆಯುವುದು ನಮಗೂ ಬೆಲೆಯುಳ್ಳದ್ದೇ ಅಲ್ಲವೇ? ಎಲ್ಲ ಆ್ಯಪ್‌ಗಳಿಂದ ಕಾರ್ಡಿನ ಸಂಖ್ಯೆಯನ್ನು ಅಳಿಸಿಬಿಡಿ. ಹದಿನಾರು ಅಂಕಿಗಳನ್ನು ನೋಡಿ ನೋಡಿ ಒತ್ತಬೇಕಾದಾಗ, ಎದ್ದು ಹೋಗಿ ಪರ್ಸ್ ತರಬೇಕಾದಾಗ ಅರ್ಧ ಆಸೆ ಅಲ್ಲೇ ಆರುತ್ತದೆ. ಬುಟ್ಟಿಗೆ ಹಾಕಿ ಎರಡು ದಿನ ಬಿಡಿ. ಪುಟದ ಮೂಲೆಯಲ್ಲಿ ಓಡುವ ಗಡಿಯಾರಕ್ಕೆ ಹೆದರಬೇಡಿ, ಎಷ್ಟೋ ಕಡೆ ಪುಟವನ್ನು ಮತ್ತೆ ತೆರೆದರೆ ಅದು ಮತ್ತೆ ಮೊದಲಿನಿಂದ ಓಡುತ್ತದೆ. ಸಾಗಣೆ ಉಚಿತವಾಗಲಿ ಎಂದು ಬೇಡದ ಇನ್ನೊಂದನ್ನು ಸೇರಿಸುವುದಕ್ಕಿಂತ ಸಾಗಣೆಯ ಹಣವನ್ನು ಕೊಡುವುದೇ ಅಗ್ಗ. ಈಗ ತೆಗೆದುಕೊಳ್ಳಿ, ನಾಲ್ಕು ಕಂತಿನಲ್ಲಿ ಕೊಡಿ ಎಂಬುದು ನಿಮ್ಮಂಥ ಬಾಕಿ ಇರುವವರಿಗೆ ಸದ್ಯಕ್ಕೆ ವರ್ಜ್ಯ. ಒಂದೊಂದೇ ಕಂತು ಸಣ್ಣದು ಎಂಬುದು ನಿಜ, ಆದರೆ ಮೂರು ಕಡೆಯ ಕಂತುಗಳು ಒಂದೇ ವಾರದಲ್ಲಿ ಬಂದು ಬಾಗಿಲು ತಟ್ಟಿದಾಗ ಲೆಕ್ಕ ತಪ್ಪುತ್ತದೆ.

ಮುಂದಿನ ಡಿಸೆಂಬರಿನ ಬಗ್ಗೆ ನೀವು ಕೇಳಿಲ್ಲ. ಆದರೂ ಈಗಿನ ಬಿಲ್ಲನ್ನು ಎಸೆಯಬೇಡಿ. ರಜೆಗೆಂದು ಆದ ಖರ್ಚುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೂಡಿ, ಹನ್ನೆರಡರಿಂದ ಭಾಗಿಸಿ. ಆ ಮೊತ್ತವನ್ನು ತಿಂಗಳು ತಿಂಗಳೂ ತೆಗೆದಿಡಲು ಸಾಧ್ಯವಿದ್ದರೆ ಮುಂದಿನ ವರ್ಷವೂ ಇಷ್ಟೇ ಸಂಭ್ರಮ ಮಾಡಿ, ನನ್ನ ಅಡ್ಡಿಯಿಲ್ಲ. ಸಾಧ್ಯವಿಲ್ಲ ಎನಿಸಿದರೆ ಉಡುಗೊರೆಯ ಪಟ್ಟಿ ಎಷ್ಟಕ್ಕೆ ಇಳಿಯಬೇಕು ಎಂಬುದು ಆ ಭಾಗಾಕಾರದಲ್ಲೇ ಇದೆ. ತೆಗೆದಿಡುವುದು ಮಾತ್ರ ಕಾರ್ಡಿನ ಬಾಕಿ ತೀರಿದ ಮೇಲೆ. ಶೇ 3ರ ಬಡ್ಡಿ ಒಂದು ಕಡೆ ಓಡುತ್ತಿರುವಾಗ ಇನ್ನೊಂದು ಕಡೆ ಡಬ್ಬಿ ತುಂಬುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಮೆಕ್ಯಾನಿಕ್ ಬಂದು ನೋಡಿದ ಮೇಲೆ ಅವನು ಏನು ಹೇಳಿದ ಎಂದು ಒಂದು ಸಾಲು ಬರೆಯಿರಿ. ನನ್ನ ಅನುಮಾನ ನಾಣ್ಯದ ಮೇಲೆ.